ಹಂಟ್ಲೋ ದಿಬ್ಬದ ಎನಿಡ್ ಪ್ರಾಸರ್

ವೇಲ್ಸ್ ಗಡಿಯ ಮಣ್ಣಿನ ಕೋಟೆಗಳನ್ನು ಅಗೆಯದೆ, ಬರಿಗಣ್ಣಿನಿಂದಲೇ ಓದಬಲ್ಲವರ ಸಾಲಿನಲ್ಲಿ ಶ್ರೀಮತಿ ಎನಿಡ್ ಪ್ರಾಸರ್ ಅವರದು ಮೊದಲ ಹೆಸರು. ಎರಡನೆಯದು ನನ್ನದೆಂದು ಅವರ ಈ ಅಭಿನಂದನಾ ಗ್ರಂಥದ ಸಂಪಾದಕರು ಸೌಜನ್ಯದಿಂದ ಹೇಳುತ್ತಾರೆ. ಆ ‘ಎರಡನೆಯ’ ಎಂಬ ಮಾತು ಇಪ್ಪತ್ತು ವರ್ಷಗಳಿಂದ ನನ್ನ ಹೊಟ್ಟೆ ಉರಿಸುತ್ತಿದೆ. ಅಭಿನಂದನೆಯ ಸಂದರ್ಭವೆಂದು ಅದನ್ನು ಮುಚ್ಚಿಡಲಾರೆ.

ನಾನು ಪುರಾತತ್ವ ಸರ್ವೇ ಕಚೇರಿಗೆ ಸೇರಿದಾಗ ಹಂಟ್ಲೋ ದಿಬ್ಬವನ್ನು ನಂಬಿ ಒಪ್ಪಿಸಿದವರು ಅಲ್ಲಿ ನನ್ನ ಹಿರಿಯ ಅಧಿಕಾರಿಯಾಗಿದ್ದ ಅವರೇ. ಹನ್ನೊಂದನೆಯ ಶತಮಾನದಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಮರದ ಗೋಪುರ ಹಿಂದೆ ನಿಂತಿದ್ದ ಆ ದಿಬ್ಬ ಎಲ್ಲರಿಗೂ ಕಾಣುತ್ತಿತ್ತು; ಅದರ ಬುಡದಲ್ಲಿ ಇರಲೇಬೇಕಾದ ಕೋಟೆಯಂಗಳ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಅದನ್ನು ನಾನೊಬ್ಬನೇ ಹುಡುಕಬೇಕೆಂಬ ಹಟ ನನ್ನದು. ಬೇಸಗೆಯ ಮೇಲೆ ಬೇಸಗೆ ದಕ್ಷಿಣದ ಹುಲ್ಲುಗಾವಲನ್ನು ಅಳೆದೆ. ಮಧ್ಯಾಹ್ನ ಗಾಳಿ ತಪ್ಪಿಸಿಕೊಳ್ಳಲು ಉತ್ತರದ ತಗ್ಗಿನಲ್ಲಿ ಕುಳಿತು ಬ್ರೆಡ್ಡು, ಚೀಸು ತಿಂದೆ.

ಒಂದು ಜನವರಿಯ ಬೆಳಗ್ಗೆ ಎನಿಡ್ ಅವರು ನನ್ನನ್ನು ಕರೆದುಕೊಂಡು ದಿಬ್ಬ ಹತ್ತಿದರು. ಬಿಸಿಲೇರಿದಂತೆ ಹೊಲದ ಮೇಲಿನ ಹಿಮ ಕರಗಿತು. ಉತ್ತರದ ನೆರಳಿನ ತಗ್ಗಿನಲ್ಲಿದ್ದದ್ದು ಮಾತ್ರ ಕರಗದೆ, ಬಾಗಿದ ಬಿಳಿ ಗೆರೆಯಾಗಿ ಉಳಿಯಿತು. ಅದು ಕೋಟೆಯಂಗಳವನ್ನು ಸುತ್ತುವರಿದಿದ್ದ ಕಂದಕ. ನಾನು ಊಟಕ್ಕೆ ಕೂರುತ್ತಿದ್ದದ್ದು ಅದರ ನಟ್ಟನಡುವೆ.

ಹೊಲದ ಒಡತಿ ಗ್ವಿಲಿಯಮ್ ಅಜ್ಜಿ ಬಿದ್ದು ಬಿದ್ದು ನಕ್ಕರು. “ಇಷ್ಟು ವರ್ಷ ಅಲ್ಲೇ ಕೂತು ತಿಂದ್ಯಲ್ಲಪ್ಪಾ, ಕೆಳಗೇನಿದೆ ಅಂತ ಒಂದ್ಸಲ ನೋಡ್ಬಾರ್ದಿತ್ತಾ?”

ಎನಿಡ್ ನಗಲಿಲ್ಲ. ಆ ಕಂದಕದ ಬಗೆಗಿನ ಪ್ರಬಂಧ ಅಚ್ಚಾದಾಗ ಲೇಖಕರಲ್ಲಿ ನನ್ನ ಹೆಸರೇ ಮೊದಲಿತ್ತು. ಬೇಡವೆಂದರೆ, “ಮಳೇಲಿ ನೆಂದೋನು ನೀನು ಕಣಯ್ಯಾ. ನಾನು ಒಂದು ಬೆಳಗ್ಗೆ ಬಂದು ನೋಡ್ದೆ, ಅಷ್ಟೆ” ಎಂದರು. ಬಂದ ಒಂದೊಂದು ಪ್ರಶಂಸೆಯೂ ನನ್ನನ್ನು ಚುಚ್ಚಿತು. ಮನಸಾರೆ ದ್ವೇಷಿಸುವ ಸುಖವನ್ನೂ ಆ ಮಹಾತಾಯಿ ನನಗೆ ಉಳಿಸಲಿಲ್ಲ.

ಅಂಗಳದಿಂದ ದಿಬ್ಬಕ್ಕೆ ಹೋಗುತ್ತಿದ್ದ ಸೇತುವೆ ಎಲ್ಲಿತ್ತೆಂಬುದೊಂದು ಬಾಕಿ ಇತ್ತು. ಅವರು ನಿವೃತ್ತರಾದರೆ ಅದಾದರೂ ನನ್ನದಾದೀತೆಂದು ಕಾದಿದ್ದೆ. ಬೀಳ್ಕೊಡುಗೆಯ ಚಹಾದ ಹೊತ್ತಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

“ಸೇತುವೆ ಜಾಗ ನಂಗೆ ಅವತ್ತೇ ಕಾಣಿಸ್ತು ಕಾಲಿನ್. ಯಾರಿಗೂ ಹೇಳಿಲ್ಲ, ಎಲ್ಲೂ ಬರ್ದಿಲ್ಲ. ನೀನೇ ಹುಡುಕ್ಲಿ ಅಂತ ಬಿಟ್ಟಿದ್ದೀನಿ.”

ನನಗೆಂದು ಉಳಿದದ್ದೂ ಅವರು ಬಿಟ್ಟುಕೊಟ್ಟದ್ದೇ.

ಶ್ರೀಮತಿ ಪ್ರಾಸರ್ ಅವರಿಗೆ ದೀರ್ಘಾಯುಸ್ಸೂ ಗಟ್ಟಿ ಮೊಣಕಾಲೂ ಇರಲಿ, ಅವರ ಕಣ್ಣು ಹೀಗೆಯೇ ಚುರುಕಾಗಿರಲಿ. ಇದು ಬಾಯಿಮಾತಿನ ಹಾರೈಕೆಯಲ್ಲ. ನಾನು ಸೇತುವೆಯನ್ನು ಹುಡುಕುವ ದಿನ ಅವರು ಇರಲೇಬೇಕು. ನಾನು ತೋರಿಸಿದ ಜಾಗ ಸರಿಯೆಂದು ಹೇಳಬಲ್ಲವರು ಈ ಭೂಮಿಯ ಮೇಲೆ ಅವರೊಬ್ಬರೇ.