ಬಾವಿಯೊಳಗಿನ ಕಂದೀಲು

ಕರೆಂಟು ಹೋದಾಗ ಮನೆಯವರೆಲ್ಲ ಬೇಸರಪಡುತ್ತಾರೆ. ನನಗೆ ಮಾತ್ರ ಒಂದು ಕ್ಷಣ ಎದೆ ಹಗುರಾಗುತ್ತದೆ. ಉರಿಯುವ ದೀಪವೆಂದರೆ ನನಗೆ ಇವತ್ತಿಗೂ ಆ ಬಾವಿಯ ತಳ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ, ನಮ್ಮೂರಿನ ಅಂಚಿಗೆ ಒಂದು ಕಾರ್ಖಾನೆಯಿತ್ತು. ಹತ್ತಿಗೆ ಹೊಡೆಯುವ ಕೀಟನಾಶಕವನ್ನು ಬೆರೆಸಿ ಡಬ್ಬಿಗೆ ತುಂಬುತ್ತಿದ್ದರು. ನಮ್ಮ ಕಡೆ ಅದನ್ನು ಎಣ್ಣೆ ಅಂತಲೇ ಕರೆಯುವುದು. ಎಂಬತ್ತರ ದಶಕದ ಕೊನೆಗೆ ಅದು ಮುಚ್ಚಿತು. ಮಾಲಕರು ಯಂತ್ರಗಳನ್ನು ಕಿತ್ತೊಯ್ದರು, ತುಕ್ಕು ಹಿಡಿದ ಡ್ರಮ್ಮುಗಳನ್ನು ಬಿಟ್ಟುಹೋದರು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಎರೆ ನೆಲ ನಮ್ಮದು. ಮೊದಲ ಮಳೆಗೆ ಡ್ರಮ್ಮುಗಳಿಂದ ಸೋರಿದ ಎಣ್ಣೆಯೆಲ್ಲ ಆ ಬಿರುಕುಗಳಲ್ಲಿ ಕೆಳಗಿಳಿಯಿತು. ಕಾರ್ಖಾನೆಯ ಬಾವಿಯ ಮೇಲೆ ಬಣ್ಣಬಣ್ಣದ ಪೊರೆ ತೇಲಿತು. ಆಮೇಲೆ ಪಕ್ಕದ ಓಣಿಯ ಬೋರಿಂಗಿನ ನೀರೂ ನಾರತೊಡಗಿತು. ನನ್ನ ಸೋದರಮಾವನ ಮನೆ ಆ ಓಣಿಯಲ್ಲೇ.

ಕಚೇರಿಗಳಿಗೆ ಅಲೆದು ಸಾಕಾಗಿ ಓಣಿಯವರು ತಾವೇ ಕೆಲಸಕ್ಕಿಳಿದರು. ಡ್ರಮ್ಮು ಇದ್ದ ಜಾಗದ ಮಣ್ಣು ಕೆತ್ತಿ ದೂರದ ಗುಂಡಿಗೆ ಹಾಕಿದರು. ಎಂಜಿನ್ ಹಚ್ಚಿ ಬಾವಿ ಬರಿದು ಮಾಡಿದರು. ತಳದ ಹೂಳೊಂದನ್ನು ತೆಗೆದುಬಿಟ್ಟರೆ ಹೊಸ ಸೆಲೆ ಸ್ವಚ್ಛ ಬರುತ್ತದೆಂದು ಎಲ್ಲರ ನಂಬಿಕೆ. ಲಿಂಗಸುಗೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನಗೆ, ಆ ಹೂಳನ್ನು ಸೀಸೆಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸುವ ಕೆಲಸ ಬಂತು.

ಜೋಳ ತುಂಬಿಡುವ ಹಗೇವು ಎಂಬ ನೆಲದ ಕಣಜಕ್ಕೆ ಇಳಿಯುವ ಮುಂಚೆ ನಮ್ಮವರು ಕಂದೀಲು ಇಳಿಬಿಡುತ್ತಾರೆ. ದೀಪ ಉರಿದರೆ ಗಾಳಿ ಒಳ್ಳೆಯದು. ಆಳು ಒಳಗಿರುವತನಕ ಮೇಲಿನವರ ಕಣ್ಣು ದೀಪದ ಮೇಲೇ ಇರಬೇಕು. ಆರಿತೋ, ಏನೂ ಕೇಳದೆ ಹಗ್ಗ ಎಳೆಯಬೇಕು. ಎಷ್ಟೋ ಜೀವ ಉಳಿಸಿದ ಪದ್ಧತಿ. ಬಾವಿಗೂ ಅದನ್ನೇ ಮಾಡಿದರು. ಕಂದೀಲು ತಳದ ಹೂಳಿನ ಮೇಲೆ ತೂಗುತ್ತ ನೆಟ್ಟಗೆ ಉರಿಯಿತು.

ಆಳು ಇಳಿಯುವ ಹಗ್ಗ ಒಂದೇ. ಮೊದಲು ನನ್ನನ್ನು ಇಳಿಸಿದರು, ಆಮೇಲೆ ಮಾವ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದ. ನಾನು ಗೋಡೆಯ ಚಾಚುಗಲ್ಲಿನ ಮೇಲೆ, ಕಂದೀಲಿನ ಪಕ್ಕ ನಿಂತೆ. ಮಾವ ಬರಿಗಾಲಲ್ಲಿ, ಮೊಣಕಾಲುದ್ದ ಹೂಳಿನಲ್ಲಿ ನಿಂತು ಬುಟ್ಟಿ ತುಂಬತೊಡಗಿದ. ಸ್ವಲ್ಪ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು, ಬಾಯಿ ತುಂಬ ಜೊಲ್ಲು. ಮೇಲೆ ಹೋಗೋಣವೆಂದೆ.

"ದೀಪ ನೋಡಲೇ, ಹೆಂಗ ಉರಿಯಾಕತ್ತೈತಿ," ಅಂದ ಮಾವ. ಮತ್ತೆ ತುಸು ತಡೆದು, "ಅಳಿಯಾ, ಹೊತ್ತು ಮುಳುಗಿತೇನೋ? ಕತ್ತಲಾದಂಗ ಆಗೈತಿ."

ಅದು ಮಟಮಟ ಮಧ್ಯಾಹ್ನ. ಆದರೆ ನನಗೂ ಕತ್ತಲಾಗುತ್ತಿತ್ತು. ಮಾವ ಗೋಡೆಗೆ ಒರಗಿದ, ಹಾಗೇ ಜಾರಿ ಕುಸಿದ. ಕೈಕಾಲು ಅದುರುತ್ತಿದ್ದವು. ನಾನು ಕೂಗಿದೆ; ಬಂದದ್ದು ಗೊರಗೊರ ಸದ್ದು. ಮೇಲೆ, ಬಿಲ್ಲೆಯಷ್ಟು ಬೆಳಕಿನಲ್ಲಿ, ಯಾರೋ ನಕ್ಕರು.

"ಕಾಲೇಜಿನಾವ ಅಂಜ್ಯಾನ. ಬುಟ್ಟ್ಯಾಗ ಒಂದು ಚಾ ಇಳಸ್ರಿ ಅವಗ."

"ದೀಪ ಚೆಂದ ಐತೆಲ್ಲಲೇ," ಎಂದು ಇನ್ನೊಬ್ಬರು ಸಮಾಧಾನ ಹೇಳಿದರು.

ಅವರು ನಮ್ಮನ್ನು ನೋಡುತ್ತಿರಲಿಲ್ಲ, ದೀಪವನ್ನು ನೋಡುತ್ತಿದ್ದರು. ಅದು ಉರಿಯುವತನಕ ಆ ಹಗ್ಗ ಅಲುಗುವುದಿಲ್ಲ. ನಾನು ಕಂದೀಲಿನ ಗಾಜು ಎತ್ತಿ ಊದಿದೆ. ಊದಲು ಉಸಿರೇ ಇರಲಿಲ್ಲ. ಜ್ವಾಲೆ ಬಾಗಿ ಮತ್ತೆ ನಿಂತಿತು. ಬೆರಳಿಗೆ ಬತ್ತಿಯ ಕೀಲಿ ಸಿಕ್ಕಿತು, ತಿರುವಿದೆ.

ಮೇಲಿನ ನಗು ಆ ಕ್ಷಣಕ್ಕೇ ನಿಂತಿತು. ಹಗ್ಗ ಬಿಗಿಯಾಯಿತು. ಮಾವನ ದೇಹ ಗೋಡೆಗೆ ಬಡಿಯುತ್ತ ನನ್ನ ಪಕ್ಕದಿಂದ ಮೇಲೇರಿತು.

ಆಮೇಲೆ ನಾನೊಬ್ಬನೇ. ಹಗ್ಗ ತಿರುಗಿ ಬರುವವರೆಗಿನ ಆ ಹೊತ್ತನ್ನು ಈಗಲೂ ದಾಟಿಲ್ಲ. ಕೆಲವು ಸಲ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತಿದ್ದರೂ, ಬೆನ್ನಿಗೆ ಆ ಕಲ್ಲು ತಾಗುತ್ತದೆ.

ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸಿಂಧನೂರಿಗೆ ಓಡಿಸಿದರು. ಎಣ್ಣೆ ಹೊಡೆಯುವಾಗ ಬಿದ್ದವರನ್ನು ಕಂಡು ಗೊತ್ತಿದ್ದ ಡಾಕ್ಟರು ನಮ್ಮ ಬಟ್ಟೆ ಮೂಸಿ, ಎಣ್ಣೆಯ ವಿಷವೆಂದು ಗುರುತಿಸಿ, ಮೊದಲು ಮೈ ತೊಳೆಸಿ, ಇಂಜೆಕ್ಷನ್ ಕೊಟ್ಟರು. ಮಾವ ಬದುಕಿದ. ಎಚ್ಚರಾದ ಮೇಲೆ, ದೀಪ ಆರಿದ್ದು ಹೇಗೆಂದು ಕೇಳಿದ. ನಾನೇ ಆರಿಸಿದೆನೆಂದೆ.

"ಮೊದಲಽ ಆರಸಬಾರದಿತ್ತೇನಲೇ, ಮಬ್ಬ," ಅಂದ.

ಊರಲ್ಲಿ ಮಾತ್ರ, ಕಂದೀಲು ಆರಿ ಇಬ್ಬರನ್ನು ಉಳಿಸಿತು ಎಂದೇ ಕಥೆಯಾಯಿತು. ಗಾಳಿ ಇದೆಯೋ ಇಲ್ಲವೋ ಅಷ್ಟನ್ನೇ ದೀಪ ಹೇಳುತ್ತದೆ, ಗಾಳಿಯಲ್ಲಿ ಏನಿದೆ ಎಂದು ಹೇಳುವುದಿಲ್ಲವೆಂದು ನಾನು ಮನೆಮನೆಗೆ ಹೋಗಿ ಹೇಳಿದೆ. ತಲೆಯಾಡಿಸಿದರು. ಮುಂದಿನ ಬೇಸಿಗೆಗೆ ಉಳಿದ ಹೂಳು ತೆಗೆಯಲು ಮತ್ತೆ ಸೇರಿದರು, ಕಂದೀಲು ಹಚ್ಚಿದ್ದರು.

ಮಾವ ನಿಧಾನಕ್ಕೆ ನಡೆದು ಬಂದ. ಕಂದೀಲು ಇಸಿದುಕೊಂಡು ಬತ್ತಿ ಇಳಿಸಿ ಆರಿಸಿದ. ಆರಿದ ಕಂದೀಲನ್ನೇ ಬಾವಿಯೊಳಗೆ ಇಳಿಬಿಟ್ಟು, ಹಗ್ಗ ಹಿಡಿದವರತ್ತ ತಿರುಗಿದ.

"ಈಗ ಇಳೀರಿ ನೋಡೋಣು."

ಎಲ್ಲರೂ ಬಾವಿಯೊಳಗೆ ಬಗ್ಗಿ ನೋಡಿದರು. ಯಾರೂ ಇಳಿಯಲಿಲ್ಲ.