ಬರಮಪ್ಪನ ಅಪ್ಪಣೆ, ನೀಲವ್ವನ ಡಾಕ್ಟರೇಟ್

ಬಲಗಡೆಯ ಒಂದು ಕಣಗಲ ಹೂವು ಬೀಳಲಿಲ್ಲ. ಅಷ್ಟಕ್ಕೇ ನನ್ನ ಮೊಮ್ಮಗಳ ಡಾಕ್ಟರೇಟ್ ಎರಡು ವರ್ಷ ತಡವಾಯಿತು.

ನಗಬೇಡಿ. ಅವಳ ಪರೀಕ್ಷೆ ಮಾಡಿದ ಮುಂಬಯಿಯ ಪಂಡಿತರೂ ಇದನ್ನು ಕೇಳಿ ಮೊದಲು ನಕ್ಕರಂತೆ. ಆಮೇಲೆ ಸುಮ್ಮನಾದರಂತೆ. ಯಾಕೆ ಸುಮ್ಮನಾದರು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಸುದ್ದಿ: ಕಳೆದ ವಾರ ತಾರು ಬಂತು, ನೀಲವ್ವ ಪಾಸು. ಬರುವ ಜೂನಿನಿಂದ ಧಾರವಾಡದಲ್ಲಿ ಕಾಲೇಜಿನ ಹುಡುಗರಿಗೆ ಪಾಠ ಹೇಳುತ್ತಾಳೆ. (ಹೌದು, ಮೀಸೆ ಬಂದ ಹುಡುಗರಿಗೂ.) ಸಕ್ಕರೆ ಕಂಟ್ರೋಲಿನಲ್ಲಿದೆಯಲ್ಲ, ರೇಷನ್ನಿಗಿಂತ ಹೆಚ್ಚು ಸಿಗದು, ಹಾಗಾಗಿ ಊರಿಗೆಲ್ಲ ಬೆಲ್ಲ ಹಂಚಿದೆ.

ನಾನು ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ವಾರ ವಾರ ಈ ಅಂಕಣ ಓದುವ ನಿಮಗೆ ಅದು ಗೊತ್ತೇ ಇದೆ. ನಮ್ಮೂರಿನಲ್ಲಿ ಶಾಲೆ ಇರಲಿಲ್ಲ, ಈಗಲೂ ಇಲ್ಲ. ರಟ್ಟೀಹಳ್ಳಿಗೆ ನಡೆದು ಹೋಗಿ ಕಲಿತೆ. ಐದನೆಯ ಇಯತ್ತೆಗೆ ಅಪ್ಪ ನನ್ನ ಕೈಗೆ ಕೂರಿಗೆ ಕೊಟ್ಟ. ಅಪ್ಪನ ಮೇಲೆ ಸಿಟ್ಟಿಲ್ಲ. ಆದರೆ ಓದಿದವರನ್ನು ಕಂಡರೆ ಇವತ್ತಿಗೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಈಗ ನಮ್ಮ ಮನೆಯಲ್ಲೇ ಅಂಥವರು ಹುಟ್ಟಿದ್ದಾರೆ. ಎಲ್ಲಿಗೆ ಸರಿಯಲಿ?

ನೀಲವ್ವ ನನ್ನ ಹಿರಿಯ ಮಗನ ಮಗಳು. ಮಗನದು ಹಾನಗಲ್ಲಿನಲ್ಲಿ ಕಿರಾಣಿ ಅಂಗಡಿ. ಹುಡುಗಿ ಅಲ್ಲೇ ಏಳನೆಯ ಇಯತ್ತೆ ಮುಗಿಸಿದಳು, ಧಾರವಾಡದಲ್ಲಿ ಟ್ರೇನಿಂಗ್ ಮಾಡಿದಳು, ಸವಣೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾದಳು. ಇಷ್ಟಾದರೆ ಸಾಕಿತ್ತು ಎಂದು ನಮ್ಮ ಬೀಗರು ಬಂಧುಗಳೆಲ್ಲ ಹೇಳಿದರು. ಅವಳಿಗೆ ಸಾಲಲಿಲ್ಲ. ನೌಕರಿ ಮಾಡುತ್ತ, ರಜೆ ಹಾಕುತ್ತ, ಮತ್ತೆ ಸೇರುತ್ತ, ಮೊದಲು ಮ್ಯಾಟ್ರಿಕ್, ಆಮೇಲೆ ಬಿ.ಎ., ಆಮೇಲೆ ಎಂ.ಎ. ಸವಣೂರಿಗೆ ಹತ್ತಿರದ ಯಲವಿಗಿ ಸ್ಟೇಷನ್ನಿನ ಬೆಂಚಿನ ಮೇಲೆ ರೈಲು ಕಾಯುತ್ತ ಅವಳು ಓದಿದಷ್ಟು ನಾನು ಜನ್ಮದಲ್ಲಿ ಓದಿಲ್ಲ. ಬೆಳಿಗ್ಗೆ ಲಿಂಗಪೂಜೆ ಬಿಟ್ಟವಳಲ್ಲ, ಓದು ಬಿಟ್ಟವಳಲ್ಲ. ಎರಡಕ್ಕೂ ಒಂದೇ ತೆರನ ಮುಖ ಮಾಡಿಕೊಂಡು ಕೂರುತ್ತಿದ್ದಳು.

ಡಾಕ್ಟರೇಟಿಗೆ ಅವಳು ಹಿಡಿದ ವಿಷಯ ಏನು ಗೊತ್ತೆ? ಮಾಸ್ತರರು! ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು ಯಾರು, ಅವರ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು ಎಂಬುದು. ಅದನ್ನು ಹೇಳಬಲ್ಲವು ಹಳೆಯ ಶಾಸನದ ಕಲ್ಲುಗಳು ಮಾತ್ರ. ಶಿಗ್ಗಾವಿ, ತಡಸ, ಹಾನಗಲ್ಲು, ಹಿರೇಕೆರೂರು ಎಂದು ರಜೆಯಲ್ಲೆಲ್ಲ ಕಲ್ಲು ಹುಡುಕುತ್ತ ತಿರುಗಿದಳು. ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿದರೆ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಯುದ್ಧದ ಕಾಲದಲ್ಲಿ ಆ ಕಾಗದ ಸಿಗುವುದೇ ದುಸ್ತರ.

ತಿರುಗಿ ತಿರುಗಿ ಕೊನೆಗೆ ಅವಳಿಗೆ ಬೇಕಾದ ಕಲ್ಲು ಸಿಕ್ಕಿದ್ದು ಎಲ್ಲಿ? ನಮ್ಮ ಊರಿನಲ್ಲಿ. ನಾನು ಹುಟ್ಟಿದಾಗಿನಿಂದ ಕೈ ಮುಗಿಯುತ್ತ ಬಂದ ಬರಮಪ್ಪ ದೇವರು.

ಬರಮಪ್ಪ ಎಂದರೆ ಎದೆಯೆತ್ತರದ ಕರಿಯ ಕಲ್ಲು. ಮೇಲೆ ಸೂರ್ಯ, ಚಂದ್ರ, ಆಕಳು, ಕರು. ಕೆಳಗೆ ಸಾಲು ಸಾಲು ಅಕ್ಷರ. ಅವು ಅಕ್ಷರ ಎಂದು ಎಲ್ಲರಿಗೂ ಗೊತ್ತು, ಓದಬೇಕೆಂದು ಯಾರಿಗೂ ತೋಚಿರಲಿಲ್ಲ. ದೇವರ ಮೈಮೇಲಿನ ಬರಹವನ್ನು ಓದುವವರು ನಾವು ಯಾರು? ನೀಲವ್ವ ಓದಿದಳು. ಮಕ್ಕಳಿಗೆ ಅಕ್ಷರ ಕಲಿಸುವವನಿಗೆ ಊರಿನ ಹಿರಿಯರು ಏನೋ ಕೊಟ್ಟರು ಎನ್ನುವಲ್ಲಿಗೆ ಮೇಲಿನ ಸಾಲುಗಳು ಮುಗಿದಿದ್ದವು. ಏನು ಕೊಟ್ಟರು, ಎಷ್ಟು ಕಾಲಕ್ಕೆ ಕೊಟ್ಟರು, ಅದೆಲ್ಲ ಮಣ್ಣಿನ ಕೆಳಗೆ. ಕಲ್ಲಿನ ಅರ್ಧ ಮೈ ನೆಲದಲ್ಲಿ ಹೂತಿತ್ತು.

ನೆಲ ಅಗೆಯಬೇಕು. ದೇವರ ಬುಡ ಅಗೆಯುವುದೆಂದರೆ ಹುಡುಗಾಟವೆ?

ಪೂಜಾರಿ ನಿಂಗಪ್ಪ ಆಗುವುದಿಲ್ಲ ಎಂದುಬಿಟ್ಟ. ಅವನ ಅಜ್ಜನ ಕಾಲದಲ್ಲಿ ನಿಧಿಯ ಆಸೆಗೆ ಯಾರೋ ಅಲ್ಲಿ ಹಾರೆ ಹಾಕಿದ್ದರಂತೆ. ಆ ವರ್ಷ ಊರಿನ ದನಗಳೆಲ್ಲ ಬೇನೆ ಬಂದು ಸತ್ತವಂತೆ. ಅವನ ಮಾತಿನಲ್ಲಿ ಹಟ ಇರಲಿಲ್ಲ, ಭಯ ಇತ್ತು. ಕೊನೆಗೆ ಅವನೇ ದಾರಿ ಹೇಳಿದ. ಶ್ರಾವಣದ ಕಡೆಯ ಸೋಮವಾರ ಬರಮಪ್ಪನನ್ನು ಹೂ ಕೇಳುವುದು. ಕಲ್ಲಿನ ಎಡಕ್ಕೊಂದು, ಬಲಕ್ಕೊಂದು ಕಣಗಲ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಅಪ್ಪಣೆ. ಎಡದ್ದು ಬಿದ್ದರೆ ಇಲ್ಲ. ಒಂದು ಮಾತನ್ನು ವರ್ಷಕ್ಕೆ ಒಂದೇ ಸಲ ಕೇಳಬೇಕು. ಲಗ್ನ, ಬಾವಿ, ಹೊಲದ ತಂಟೆ, ಎಲ್ಲವನ್ನೂ ನಮ್ಮೂರು ಹೀಗೇ ಕೇಳುತ್ತ ಬಂದಿದೆ.

ಮೊದಲ ವರ್ಷ ಹೂ ಅಂಟಿಸಿ ಕೈ ತೆಗೆಯುವುದರೊಳಗೆ ಎಡದ್ದು ಬಿತ್ತು.

“ಒಲ್ಲೆ ಅಂದಾನ ತಂಗೀ,” ಎಂದ ನಿಂಗಪ್ಪ. “ಮುಂದಿನ ಶ್ರಾವಣಕ್ಕ ಬಾ.”

“ಬರ್ತೇನಿ ಕಾಕಾ,” ಎಂದಳು. ಅಷ್ಟೇ. ಸೆರಗು ಹೊದ್ದು ಕೈ ಮುಗಿದು ಬಂಡಿ ಹತ್ತಿದಳು.

ಪುಣೆಯಲ್ಲಿದ್ದ ಅವಳ ಪ್ರೊಫೆಸರರು ಹೌಹಾರಿದರಂತೆ. ತಾಲೂಕಿನ ಮಾಮಲೇದಾರರ ಹುಕುಂ ತರಿಸಿಕೊಡುತ್ತೇನೆ, ಇಬ್ಬರು ಪೊಲೀಸರನ್ನು ನಿಲ್ಲಿಸಿ ಅರ್ಧ ದಿನದಲ್ಲಿ ಅಗೆದು ಮುಗಿಸು ಎಂದರಂತೆ. ನನಗೂ ಅದೇ ಸರಿ ಕಂಡಿತು. ಸರಕಾರದ ಹುಕುಮಿನ ಮುಂದೆ ಹೂವಿನದೇನು ನಡೆಯುತ್ತದೆ? ಹಾಗೆಂದು ಅವಳಿಗೆ ಹೇಳಿದೆ.

“ಊರಿನವರ ದ್ಯಾವರನ್ನ ಪೊಲೀಸರ ಕೈಯಾಗ ಹಿಡಿಸಿ ಓದ್ಲೇನಜ್ಜಾ?” ಎಂದಳು. “ಮತ್ತ ಆ ಓದಿನಿಂದ ಹುಡುಗೂರಿಗೆ ಏನಂತ ಪಾಠ ಹೇಳ್ಲಿ?”

ಎರಡನೆಯ ಶ್ರಾವಣದಲ್ಲಿ ಹೂ ಬೀಳಲೇ ಇಲ್ಲ. ಎಡದ್ದೂ ಇಲ್ಲ, ಬಲದ್ದೂ ಇಲ್ಲ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅವಳು ಉಪವಾಸ ಕುಳಿತಳು. ದೇವರು ಸುಮ್ಮನಿದ್ದರೆ ಆ ವರ್ಷ ಕೆಲಸ ಮಾಡುವ ಹಾಗಿಲ್ಲ. ನಾನು ಕುದಿಯುತ್ತಿದ್ದೆ. ಅವಳು ಮಾತ್ರ, ಹೋದ ವರ್ಷ ಒಲ್ಲೆ ಅಂದಿದ್ದ, ಈ ವರ್ಷ ವಿಚಾರ ಮಾಡುತ್ತಿದ್ದಾನೆ ಎಂದು ನಗೆಯಾಡಿದಳು.

ಆ ನಗೆಯ ಹಿಂದೆ ಏನಿತ್ತು ಎಂದು ನನಗೆ ಗೊತ್ತಿತ್ತು. ಪ್ರೊಫೆಸರರು ಮುಂದಿನ ವರ್ಷ ನಿವೃತ್ತರಾಗುವವರು. ಅವರಿದ್ದಾಗಲೇ ಮುಗಿಸದಿದ್ದರೆ ಹಳ್ಳಿಯ ಮಾಸ್ತರರ ಕಥೆಯನ್ನು ಕೈಗೆತ್ತಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಧಾರವಾಡದ ಕಾಲೇಜಿನ ಜಾಗವೂ ಬೇರೆಯವರಿಗೆ ಹೋಗುತ್ತಿತ್ತು. ಇತ್ತ ಬಂಧುಗಳು ಬಾಯಿಗೆ ಬಂದಂತೆ ಆಡುತ್ತಿದ್ದರು. ಕಲ್ಲಿನ ಮುಂದೆ ಕೂತು ಕೂತು ಲಗ್ನದ ವಯಸ್ಸು ಕಳೆದುಕೊಂಡಳು ಎಂದರು. ಹುಡುಗಿಗೆ ಗಾಳಿ ಸೋಕಿದೆ ಎಂದವರೂ ಉಂಟು. (ಬೆಲ್ಲ ತಿನ್ನಲು ಅವರೇ ಮೊದಲು ಬಂದರು. ಇರಲಿ.)

ಹೀಗೆ ಮೂರನೆಯ ಶ್ರಾವಣ ಬಂತು. ಇದೇ ಕಡೆಯದು.

ಹೂ ಕೇಳುವ ಹಿಂದಿನ ದಿನ ನಮ್ಮೂರಿನ ಗೌಡರು ಮನೆಗೆ ಬಂದರು. ಒಳ್ಳೆಯ ಮನುಷ್ಯರು. ಹುಡುಗಿಯ ಪಾಡು ನೋಡಲಾರದೆ ಬಂದಿದ್ದರು. ಚಹಾ ಕುಡಿದು, ದನಿ ಇಳಿಸಿ, ಬಲಗಡೆಯ ಹೂವಿಗೆ ನೀರು ಸ್ವಲ್ಪ ಕಡಿಮೆ ಸೋಕಿಸಲು ನಿಂಗಪ್ಪನಿಗೆ ಹೇಳಿದರೆ ಕೆಲಸ ಮುಗಿಯಿತು ಎಂದರು. ಒಣಗಿದ ಹೂ ಬೇಗ ಬೀಳುತ್ತದೆ. ಯಾರಿಗೆ ತಿಳಿಯುತ್ತದೆ?

ಹೂಂ ಅನ್ನವ್ವಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಅದು ನಿಮ್ಮ ಅಪ್ಪಣಿ ಆಗತೈತಿ ಗೌಡ್ರ,” ಎಂದಳು ನೀಲವ್ವ. “ನಿಮ್ಮನ್ನ ಕೇಳೂದಿದ್ರ ಎರಡ ವರ್ಷದ ಹಿಂದನ ಕೇಳತಿದ್ದೆ.”

ಗೌಡರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅವರು ಹೋದ ಮೇಲೆ ಕೇಳಿದೆ:

“ಖರೇ ಹೇಳು. ನೀ ಆ ಹೂವನ್ನ ನಂಬತೀ ಏನವ್ವಾ?”

“ನಂಬಲಾರದಾಕಿ ಇಷ್ಟ ದಿನಾ ಕಾಯತಿದ್ದೆನೇನಜ್ಜಾ?”

ಎಡದ್ದು ಬಿದ್ದರೆ ಏನು ಮಾಡುವೆ ಎಂದೂ ಕೇಳಿದೆ. ಸವಣೂರಿನ ಶಾಲೆ ಇದ್ದೇ ಇದೆಯಲ್ಲ, ಅಲ್ಲಿನ ಮಕ್ಕಳಿಗೆ ಕಲಿಸುತ್ತೇನೆ ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಇಷ್ಟು ವರ್ಷದ ದುಡಿತ ಒಂದು ಹೂವಿನ ಮೇಲೆ ನಿಂತಿದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಬರಮಪ್ಪನ ಗುಡಿಯ ಮುಂದೆ ಅರ್ಧ ಊರು ಸೇರಿತ್ತು. ನಿಂಗಪ್ಪ ಎರಡೂ ಹೂವನ್ನು ಒಂದೇ ತಂಬಿಗೆಯಲ್ಲಿ ಅದ್ದಿ, ಎಲ್ಲರಿಗೂ ತೋರಿಸಿ, ಅಂಟಿಸಿದ. ನೀಲವ್ವ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ಹೊತ್ತು ಏರಿತು. ಎಡದ ಹೂವಿನ ಒಂದು ಎಸಳು ಬಿಟ್ಟುಕೊಂಡು ಜೋತಾಡಿತು. ಅದರ ಮೇಲೇ ಕಣ್ಣು ನೆಟ್ಟು, ಬೀಳಬೇಡಪ್ಪಾ, ಬೀಳಬೇಡ ಎನ್ನುತ್ತಿದ್ದೆ. ಊರೆಲ್ಲ ಎಡಕ್ಕೇ ನೋಡುತ್ತಿತ್ತು. ಬಲದ ಹೂವು ಯಾವಾಗ ಬಿತ್ತೋ ಯಾರೂ ಕಾಣಲಿಲ್ಲ.

ನಿಂಗಪ್ಪ ಮೆಲ್ಲಗೆ “ಕೊಟ್ಟಾನ” ಎಂದ.

ಅವಳು ಕಣ್ಣು ತೆರೆಯಲಿಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಮೊದಲು ಹಾರೆ ಹಿಡಿದವನು ಯಾರು ಗೊತ್ತೆ? ನಿಂಗಪ್ಪನೇ. ದೇವರಿಗೆ ಪೆಟ್ಟು ತಾಗಬಾರದೆಂದು ಸ್ವಲ್ಪ ಅಗೆದ ಮೇಲೆ ಹಾರೆ ಬಿಟ್ಟು ಕೈಯಿಂದಲೇ ಮಣ್ಣು ತೆಗೆದ. ಎರಡು ವರ್ಷ ಬೇಡವೆಂದಿದ್ದ ಜನ ಸಾಲಾಗಿ ನಿಂತು ಬುಟ್ಟಿ ಸಾಗಿಸಿದರು. ಹೆಂಗಸರು ಕೆರೆಯಿಂದ ನೀರು ತಂದು ಕಲ್ಲು ತೊಳೆದರು. ಪೊಲೀಸರು ಬಂದಿದ್ದರೆ ಯಾರು ನೀರು ತರುತ್ತಿದ್ದರು ಹೇಳಿ?

ಕಾಗದ ಹಚ್ಚಿ ಅಚ್ಚು ತೆಗೆದುಕೊಂಡು ಅವಳು ಸಂಜೆಯೇ ಹೊರಟಳು. ಆಮೇಲೆ ಓದುವುದು, ಬರೆಯುವುದು, ಟೈಪ್ ಮಾಡಿಸುವುದು. ಪ್ರೊಫೆಸರರು ನಿವೃತ್ತರಾಗುವ ಮುಂಚೆ ಪುಸ್ತಕ ಮುಂಬಯಿ ಯೂನಿವರ್ಸಿಟಿ ಸೇರಿತು. ಇಂಗ್ಲಿಷ್ ಪುಸ್ತಕ, ನನಗೆ ಒಂದಕ್ಷರವೂ ತಿಳಿಯದು. ಉಪಕಾರ ನೆನೆದು ನನ್ನ ಹೆಸರು ಬರೆದ ಕಡೆ ಬೆರಳಿಟ್ಟು ತೋರಿಸಿದಳು. ಆ ಪುಟವನ್ನು ಬಹಳ ಹೊತ್ತು ನೋಡಿದೆ.

ಮುಂಬಯಿಯಲ್ಲಿ ಪಂಡಿತರು ಅವಳನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿದರು. ಒಂದು ಕಲ್ಲಿಗಾಗಿ ಇಷ್ಟು ವರ್ಷ ಯಾಕೆ ಎಂದರು. ಅವಳು ಹೂವಿನ ಸಂಗತಿ ಹೇಳಿದಳು. ಅವರು ನಕ್ಕರು. ಆಗ ಅವಳು, ನೂರಾರು ವರ್ಷ ಆ ಕಲ್ಲು ಒಡೆಯದೆ ಉಳಿದದ್ದು ಜನ ಅದನ್ನು ದೇವರೆಂದು ಕಾಯ್ದದ್ದರಿಂದ, ಕಾಯ್ದವರನ್ನು ಕೇಳಿಯೇ ಓದುವುದು ನ್ಯಾಯ ಎಂದು ಉತ್ತರ ಕೊಟ್ಟಳಂತೆ. ಅವರು ಸುಮ್ಮನಾದದ್ದು ಅಲ್ಲಿ.

ಇನ್ನು ಮೊನ್ನೆಯ ಸೋಮವಾರ.

ತಾರು ಬಂದ ಮೇಲೆ ನೀಲವ್ವ ಊರಿಗೆ ಬಂದಳು. ಗುಡಿಯ ಮುಂದೆ ಕಂಬಳಿ ಹಾಸಿದ್ದರು. ಕಲ್ಲಿನಲ್ಲಿ ಏನಿದೆ ಎಂದು ಊರಿಗೆ ಇನ್ನೂ ಗೊತ್ತಿರಲಿಲ್ಲ. ಬಂಗಾರದ ಕೊಡ ಎಷ್ಟಿವೆ ಅಕ್ಕೋರೆ ಎಂದು ಹಿಂದಿನಿಂದ ಯಾರೋ ಕೇಳಿದರು. ಜನ ನಕ್ಕರು. ಆದರೆ ಕಿವಿ ಮಾತ್ರ ಎಲ್ಲರದೂ ನೆಟ್ಟಗಾಗಿತ್ತು.

ಅವಳು ಕಲ್ಲಿನ ಪಕ್ಕ ನಿಂತು ಸಾಲು ಸಾಲಾಗಿ ಓದಿ ಅರ್ಥ ಹೇಳಿದಳು. ಈ ಊರಿನ ಮಕ್ಕಳಿಗೆ ಅಕ್ಷರ ಕಲಿಸುವವನಿಗೆ ಈ ಊರಿನ ಹಿರಿಯರು ಕೆರೆಯ ಕೆಳಗಿನ ಗದ್ದೆ ಬಿಟ್ಟುಕೊಟ್ಟಿದ್ದಾರೆ. ಸೂರ್ಯ ಚಂದ್ರ ಇರುವವರೆಗೆ ಇದು ನಡೆಯಬೇಕು. ನಡೆಸಿದವರಿಗೆ ಪುಣ್ಯ, ಕೆಡಿಸಿದವರಿಗೆ ಪಾಪ. ಅಷ್ಟೇ. ಬಂಗಾರವಿಲ್ಲ, ಕೊಡವಿಲ್ಲ.

ನನಗೆ ಎದ್ದು ನಿಂತು, ಈಕೆ ನನ್ನ ಮೊಮ್ಮಗಳು ಎಂದು ಕೂಗಬೇಕೆನ್ನಿಸಿತು. (ಎಲ್ಲರಿಗೂ ಗೊತ್ತಿರುವುದನ್ನು ಕೂಗುವುದೇಕೆ ಎಂದು ಕುಳಿತೆ.) ಆಗ ನಿಂಗಪ್ಪ ಕೇಳಿದ.

“ಹೊಲಾ ಕೊಟ್ಟಿದ್ರು ಅಂತ ತಿಳೀತು. ಆ ಮಾಸ್ತರ ಈಗ ಎಲ್ಲಿ ಅದಾನವ್ವಾ?”

ಮುಂಬಯಿಯ ಪಂಡಿತರಿಗೆಲ್ಲ ಉತ್ತರ ಹೇಳಿ ಬಂದವಳು ಇದಕ್ಕೆ ಹೇಳಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದಳು. ಗೌಡರು ರುಮಾಲು ಸರಿಮಾಡಿಕೊಂಡರು. ಕೆರೆಯ ಕೆಳಗೆ ಗದ್ದೆ ಉಳುವವರು ನೆಲ ನೋಡಿದರು. ಅವರಲ್ಲಿ ನಾನೂ ಒಬ್ಬ. ನಮ್ಮ ಮಕ್ಕಳು ಇಂದಿಗೂ ರಟ್ಟೀಹಳ್ಳಿಗೆ ನಡೆಯುತ್ತಾರೆ. ಮಳೆಗಾಲದಲ್ಲಿ ಹಳ್ಳ ಬಂದರೆ ಅದೂ ಇಲ್ಲ.

ನೀಲವ್ವನ ಪರೀಕ್ಷೆ ಮುಗಿಯಿತು. ನಮ್ಮೂರಿನದು?