ಮೈಗಳ್ಳ ಕಂಪೈಲರ್

ಡಿಪೋದ ಡ್ರೈವರುಗಳೆಲ್ಲ ಅವಳನ್ನು ಟೈಮ್‌ಟೇಬಲ್ ಅಕ್ಕ ಎಂದೇ ಕರೆಯುತ್ತಾರೆ. ಯಾವ ಬಸ್ಸಿಗೆ ಯಾರು ಎಂದು ದಿನಾ ಬೆಳಿಗ್ಗೆ ಡ್ಯೂಟಿ ಚೀಟಿ ಹೊರಡಿಸುವ ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮ್ ಅವಳ ಕೈಕೂಸು. ಅದು ತಡ ಮಾಡಿದರೆ ಡ್ರೈವರುಗಳು ಕಿಟಕಿಯ ಮುಂದೆ ಕಾಲು ಬದಲಿಸುತ್ತ ನಿಲ್ಲಬೇಕು. ಅವರ ನಡುವೆ ಅವಳ ಸ್ವಂತ ಅಣ್ಣನೂ ಇರುತ್ತಾನೆ. ಅವನ ಬೈಗುಳ ಮನೆಯವರೆಗೂ ಬರುತ್ತದೆ.

ಹೀಗಿರುವಾಗ ಮ್ಯಾನೇಜರ್ ತಲೆಗೆ ಯಾರೋ ಹುಳ ಬಿಟ್ಟರು.

"ಹೊಸ ಕಂಪೈಲರ್ ಬಂದಿದ್ಯಂತೆ. ಹಾಕ್ಬಿಡಿ, ಚೀಟಿ ಬೇಗ ಬರುತ್ತೆ."

"ಮೊದ್ಲು ಅಳೆದು ನೋಡ್ತೀನಿ ಸರ್," ಎಂದಳು.

ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸುವಂತೆ ಮಾಡಿಕೊಡುವುದೇ ಕಂಪೈಲರ್. ಅದನ್ನು ಅಳೆಯುವುದೆಂದರೆ ಹುಡುಗಾಟವೇ? ಹಳೆಯದರಲ್ಲಿ, ಹೊಸದರಲ್ಲಿ, ವೇಗ ಹೆಚ್ಚಿಸುವ ಆಪ್ಟಿಮೈಸೇಶನ್ ಇಲ್ಲದೆ, ಸಾಧಾರಣಕ್ಕಿಟ್ಟು, ಗರಿಷ್ಠಕ್ಕೇರಿಸಿ ಮತ್ತೆ ಮತ್ತೆ ಓಡಿಸಬೇಕು. ನಡುವೆ ಪಕ್ಕದ ಮೇಜಿನವನು ಅದೇ ಯಂತ್ರದಲ್ಲಿ ವೀಡಿಯೊ ಹಚ್ಚಿದರೆ ಲೆಕ್ಕವೆಲ್ಲ ಹಾಳು. "ಅದನ್ನ ಮುಟ್ಬೇಡಪ್ಪಾ!" ಎಂದು ಹೇಳಿ ಹೇಳಿ ಅವಳ ಬಾಯಿ ನೋಯಿತು.

ಕೊನೆಗೆ ಹೊಸ ಕಂಪೈಲರ್, ಗರಿಷ್ಠ ಆಪ್ಟಿಮೈಸೇಶನ್ನಿನಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸಿತು. ಹಿಂದೆ ನಿಂತಿದ್ದ ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾದರು. ಅವಳು ಬಾಯಿ ತೆರೆಯುವ ಮೊದಲೇ ಡಿಪೋಗೆ ಫೋನ್ ಮಾಡಿ, ನಾಳೆಯಿಂದ ಯಾರೂ ಕಾಯಬೇಕಾಗಿಲ್ಲ ಎಂದು ಸಾರಿಬಿಟ್ಟರು.

ಅವಳಿಗೆ ಮಾತ್ರ ಅದು ಗಂಟಲಿಗಿಳಿಯಲಿಲ್ಲ. ಈ ಪಾಟಿ ವೇಗ ಎಲ್ಲಿಂದ ಬಂತು? ತನ್ನ ಪರೀಕ್ಷೆಯನ್ನೇ ಕೆದಕಿದಾಗ ಕಳ್ಳ ಸಿಕ್ಕಿಬಿದ್ದ. ಚೀಟಿ ಎಷ್ಟು ಎಂದಷ್ಟೇ ಅವಳು ಪ್ರೋಗ್ರಾಮನ್ನು ಕೇಳಿದ್ದಳು, ಚೀಟಿಯೊಳಗೆ ಏನಿದೆ ಎಂದು ಕೇಳಿರಲಿಲ್ಲ. ಹ್ಯಾಸ್ಕೆಲ್ಲಿಗೆ ಯಾರೂ ಕೇಳದ ಕೆಲಸ ಮಾಡದಿರುವ ಚಾಳಿ. ಹಳೆಯ ಕಂಪೈಲರ್ ಪೆದ್ದುಪೆದ್ದಾಗಿ ಲೆಕ್ಕವನ್ನೆಲ್ಲ ಹಾಕಿತ್ತು. ಹೊಸದು ಖಾಲಿ ಚೀಟಿಗಳನ್ನು ಎಣಿಸಿ ಕೈತೊಳೆದುಕೊಂಡಿತ್ತು.

"ಮೈಗಳ್ಳ! ನಮ್ಮನೆಯವ್ರ ಥರಾನೇ," ಎಂದು ಹಲ್ಲು ಕಡಿದಳು. ಅವಳ ಗಂಡ ಕಣ್ಣೆದುರೇ ಹಾಲು ಉಕ್ಕಿದರೂ 'ನೀನು ಹೇಳ್ಲೇ ಇಲ್ವಲ್ಲ' ಅನ್ನುವ ಆಸಾಮಿ. ಆದರೆ ಕೋಪದಲ್ಲಿ ಅರ್ಧ ತನ್ನ ಮೇಲೆಯೇ ಇತ್ತು. ಸರಿಯಾಗಿ ಕೇಳಬೇಕಾಗಿದ್ದವಳು ತಾನಲ್ಲವೇ?

ಈ ಸಲ ಚೀಟಿಗಳನ್ನು ಪೂರ್ತಿ ಬರೆಸಿ ಅಳೆದಳು. ಹೊಸದೇ ನಿಧಾನ! ಗರಿಷ್ಠಕ್ಕೇರಿಸಿದರೂ ಹಳೆಯದರ ಸಾಧಾರಣ ಓಟಕ್ಕೆ ಸಮ ಬರಲಿಲ್ಲ. ಅದನ್ನು ಹಾಕಿದರೆ ಅಣ್ಣ ಕಿಟಕಿಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕಾಗುತ್ತಿತ್ತು.

ವಿಷಯ ಕೇಳಿ ಮ್ಯಾನೇಜರ್ ಮುಖ ಗಂಟಿಕ್ಕಿದರು. ಡಿಪೋಗೆ ಈಗ ಯಾವ ಮುಖ ತೋರಿಸುವುದು?

"ಮತ್ತೆ ಅಳೀರಿ ಅಂತ ನಿಮ್ಮನ್ನ ಕೇಳಿದ್ಯಾರಮ್ಮಾ?"

"ಯಾರೂ ಕೇಳ್ಲಿಲ್ಲ ಸರ್. ಕೇಳಿದ್ರೆ ಮಾತ್ರ ಮಾಡೋಕೆ ನಾನೇನು ಕಂಪೈಲರ್ರಾ?"

ಹಳೆಯದೇ ಉಳಿಯಿತು. ಮರುದಿನ ಚೀಟಿಗಳು ಎಂದಿನ ಹೊತ್ತಿಗೇ ಬಂದವು. ಸಂಜೆ ಮನೆಗೆ ಬಂದ ಅಣ್ಣ ಕೂರುವ ಮೊದಲೇ ಶುರುಮಾಡಿದ.

"ಏನ್ ಟೈಮ್‌ಟೇಬಲ್ ಅಕ್ಕಾ, ಏನೂ ಬದಲಾಗೇ ಇಲ್ವಲ್ಲ! ಇಷ್ಟು ದಿನ ಕೂತ್ಕೊಂಡು ಮಾಡಿದ್ದಾದ್ರೂ ಏನು?"